ರೈಲಿಲ್ಲದ ಸೇತುವೆ, ಉಪ್ಪಿನ ಲಾರಿ

"ಕೇಳಿರಪ್ಪೋ, ಕೇಳಿ. ದೊರೆಮಗಳು ಚೆಲುವಾಜಮ್ಮಣ್ಣಿಯವರು ಮೂರು ಒಗಟು ಹಾಕುತ್ತಾರೆ. ಮೂರನ್ನೂ ಬಿಡಿಸಿದವನಿಗೆ ಅವರನ್ನು ಧಾರೆಯೆರೆದು, ಕೇಳಿದ್ದೊಂದು ವರ ಕೊಡಲಾಗುವುದು. ತಪ್ಪಿದವನ ತಲೆ ಹುಣ್ಣಿಮೆಯ ದಿನ ಹೋಗುತ್ತದೆ."

ಕರೇಕಲ್ಲು ಸಂಸ್ಥಾನದಲ್ಲಿ ಹೀಗೆ ಡಂಗುರ ಹೊಡೆದ ಮೂರನೆಯ ದಿನ ದಳವಾಯಿಯ ಮಗ ಮೀಸೆ ತಿರುವಿಕೊಂಡು ಬಂದ.

"ಹೊತ್ತ ಹೊರೆ ಇಳಿದು ಎಷ್ಟೋ ವರ್ಷವಾಯಿತು. ಆದರೂ ಅವನು ನಿಂತೇ ಇದ್ದಾನೆ. ದಾರಿಹೋಕರು ಅವನ ಹೊಟ್ಟೆಯ ಕೆಳಗೇ ಓಡಾಡುತ್ತಾರೆ. ಯಾರವನು?" ಎಂದಳು ದೊರೆಮಗಳು.

"ಮುದಿ ಆನೆ" ಎಂದ. ಆನೆಯ ಹೊಟ್ಟೆಯ ಕೆಳಗೆ ಯಾರಪ್ಪಾ ಓಡಾಡುತ್ತಾರೆ? ಅವನನ್ನು ಸೆರೆಮನೆಗೆ ಕರೆದೊಯ್ದರು.

ಯಾವ ಒಗಟಿನಿಂದ ಶುರು ಮಾಡುವುದೆಂಬುದು ಅವಳ ಇಷ್ಟ. ಉಪ್ಪಿನ ಸಾಹುಕಾರರ ಮಗ ಸಂಕಪ್ಪನಿಗೆ, "ತುಂಬಿದ್ದರೆ ಬಿಡುತ್ತದೆ, ಖಾಲಿಯಿದ್ದರೆ ಹಿಡಿಯುತ್ತದೆ. ಏನದು?" ಎಂದಳು.

"ಅರಮನೆಯ ಬಾಗಿಲು. ಕೈ ತುಂಬಿದ್ದರೆ ಒಳಗೆ ಬಿಡುತ್ತಾರೆ."

ಸಭೆ ನಕ್ಕಿತು. ದೊರೆ ನಗಲಿಲ್ಲ. ಸಂಕಪ್ಪನೂ ಸೆರೆಮನೆ ಸೇರಿದ.

ಆಮೇಲೆ ಕಾಶಿಯಲ್ಲಿ ಓದಿ ಬಂದ ಪಂಡಿತ. "ಹೊಟ್ಟೆ ತುಂಬ ಗಾಳಿ ಕುಡಿದು ಭಾರ ಹೊರುತ್ತಾನೆ. ಇಕ್ಕಟ್ಟು ಬಂದಾಗ ಒಂದು ಗುಟುಕು ಉಗುಳಿದರೆ ಒಡೆಯ ಪಾರು. ಯಾರವನು?"

"ಆದಿಶೇಷ. ಹಾವಿಗೆ ಗಾಳಿಯೇ ಆಹಾರ, ಭೂಮಿಯೇ ಹೊರೆ."

"ಅವನು ಉಗುಳಿದರೆ ಪಾರಾಗುವವರು ಯಾರು?"

ಪಂಡಿತ ಶ್ಲೋಕ ಹುಡುಕುತ್ತಲೇ ಸೆರೆಮನೆಗೆ ನಡೆದ.

ಹುಣ್ಣಿಮೆಗೆ ಎರಡು ದಿನ ಉಳಿದಿರುವಾಗ ಸಾಹುಕಾರರ ಲಾರಿ ಓಡಿಸುವ ಓಬಣ್ಣ ಊರಿಗೆ ಬಂದ. ಆಕ್ಸಲ್ ಮುರಿದು ತಿಂಗಳಿಡೀ ಘಟ್ಟದ ಕೆಳಗೇ ಕೂತಿದ್ದನವನು. ಸಾಹುಕಾರರು ಅಳುತ್ತಲೇ ಮಗನ ಗತಿಯನ್ನೂ ಮೂರು ಒಗಟುಗಳನ್ನೂ ಹೇಳಿದರು. ಮೂರರ ಉತ್ತರವೂ ಓಬಣ್ಣನಿಗೆ ಗೊತ್ತಿತ್ತು. ಗೊತ್ತಿಲ್ಲದಿದ್ದರೆ ಮನೆಗೆ ಹೋಗಿ ಮಲಗಬಹುದಿತ್ತು. ಅವನು ಹೆದರಿಕೊಂಡೇ ಅರಮನೆಗೆ ಹೋದ.

"ಮೊದಲನೇದು ಸಂತೆ ರಸ್ತೆ ಮ್ಯಾಲಿರೋ ಹಳೇ ರೈಲು ಸೇತುವೆ, ಬುದ್ಧಿ. ನಿಮ್ ತಾತೋರು ಅದಿರು ಸಾಗ್ಸಕ್ಕೆ ಕಟ್ಸಿದ್ದು. ಅದಿರು ಮುಗೀತು, ಕಂಬಿ ಕಿತ್ಕೊಂಡ್ ಹೋದ್ರು. ಅದು ಹಂಗೇ ನಿಂತದೆ."

"ಎರಡನೆಯದು?" ಎಂದ ದೊರೆ.

"ಅದೂ ಸೇತುವೇನೇ. ಉಪ್ಪು ತುಂಬಿದ್ರೆ ಲಾರಿ ನಾಕು ಬೆರಳು ಕುಗ್ತದೆ, ಕೆಳಗೆ ನುಸುಳ್ತದೆ. ಖಾಲಿ ಇದ್ರೆ ಮೇಲಿನ ತಗಡು ಸಿಕ್ಕಾಕ್ಕೊಳ್ತದೆ. ಮೂರನೇದು ಟೈರು, ಬುದ್ಧಿ. ಸಿಕ್ಕಾಕ್ಕೊಂಡಾಗ ಚೂರು ಗಾಳಿ ಇಳಿಸ್ತೀನಿ, ಹೊರಗೆ ಬಂದ್ಬಿಡ್ತದೆ."

ಮೂರೂ ಸರಿ ಎಂದು ದೊರೆಮಗಳು ತಲೆಯಾಡಿಸಿದಳು. ದೊರೆ ಅವಳ ಮುಖ ನೋಡಿದ.

"ನನ್ನ ಉಪ್ಪರಿಗೆಯಿಂದ ಕಾಣುವುದು ಆ ಸೇತುವೆಯೊಂದೇ" ಎಂದಳು. "ಸಿಕ್ಕಿಕೊಂಡವರೆಲ್ಲ ಅದಕ್ಕೆ ಶಾಪ ಹಾಕುತ್ತಾರೆ. ಇವನೊಬ್ಬ ಕೆಳಗಿಳಿದು ಗಾಳಿ ಬಿಟ್ಟು, ಅದರ ಕಲ್ಲಿಗೆ ಕೈ ಮುಗಿದು ಹೋಗುತ್ತಾನೆ." ಓಬಣ್ಣನ ಕಡೆ ತಿರುಗಿ, "ಡಂಗುರದ ದಿನವೇ ಬರುತ್ತೀ ಅಂದುಕೊಂಡಿದ್ದೆ. ಇಷ್ಟು ತಡವೇ?" ಎಂದು ಕೇಳಿದಳು.

"ಆಕ್ಸಲ್ ಮುರಿದಿತ್ತು, ದೊರೆಸಾನಿ."

ವರವಾಗಿ ಅವನು ಆ ಮೂವರ ತಲೆ ಕೇಳಿದ, ಕತ್ತಿನ ಮೇಲೆ ಇದ್ದ ಹಾಗೇ. ದೊರೆ ಒಪ್ಪಿದ.

ಮದುವೆಯ ಮೆರವಣಿಗೆ ಆ ಲಾರಿಯಲ್ಲೇ ಆಗಬೇಕೆಂದು ದೊರೆಮಗಳ ಹಟ. ತಗಡಿನ ಮೇಲೆ ಹೂವಿನ ಚಪ್ಪರ ಕಟ್ಟಿದ್ದರಿಂದ ಲಾರಿ ಸೇತುವೆಯ ಬಾಯಲ್ಲೇ ನಿಂತಿತು. ಟೈರಿನ ಗಾಳಿ ಇಳಿಸಿದರೂ ಎರಡು ಬೆರಳು ಎತ್ತರವೇ.

"ಸೇತುವೆ ಕೆಡವಿಸುತ್ತೇನೆ" ಎಂದ ದೊರೆ.

"ಅದೇನ್ ಮಾಡ್ತು, ಬುದ್ಧಿ? ಭಾರ ಸಾಲ್ದು, ಅಷ್ಟೇಯ" ಎಂದ ಓಬಣ್ಣ.

ಬೀಗರೆಲ್ಲ ಲಾರಿ ಹತ್ತಿದರು. ಬೆರಳಷ್ಟು ಉಳಿಯಿತು. ಹಿಂದೆ ತಲೆ ತಗ್ಗಿಸಿ ಬರುತ್ತಿದ್ದ ಆ ಮೂವರನ್ನು ಓಬಣ್ಣ ಕೈಬೀಸಿ ಕರೆದ. ದಳವಾಯಿಯ ಮಗ ಹತ್ತಿದ, ಸಂಕಪ್ಪ ಹತ್ತಿದ. ಕೊನೆಗೆ ಪಂಡಿತ ಕಾಲಿಟ್ಟಾಗ ಲಾರಿ ಕುಗ್ಗಿತು, ಒಂದು ಹೂವೂ ಉದುರದಂತೆ ಸೇತುವೆಯ ಕೆಳಗೆ ದಾಟಿತು. ಆ ಮೂವರ ತಲೆ ಹೋಗಿದ್ದರೆ ಮದುಮಕ್ಕಳು ಇನ್ನೂ ಅಲ್ಲೇ ಇರುತ್ತಿದ್ದರು.