ಕೀ ತೆಗೆದರೆ ನಿಲ್ಲುವ ಫ್ಯಾನು

ಕಳೆದ ಮಂಗಳವಾರ ಬೆಳಗಿನ ಹೊತ್ತು ಚಳ್ಳಕೆರೆಯಲ್ಲಿ ಒಂದು ಫ್ಯಾನು ನಿಂತುಹೋಯಿತು. ಅಂಗೈಯಷ್ಟು ಅಗಲದ ಫ್ಯಾನು. ಪ್ರಾಣಹಾನಿ ಸಂಭವಿಸಿಲ್ಲ. ಪಟ್ಟಣದಲ್ಲಿ ಪರಿಸ್ಥಿತಿ ಶಾಂತವಾಗಿದೆ. ಶಾಂತವಾಗಿಲ್ಲದ್ದು ಓಬಮ್ಮನ ಮನೆಯೊಂದೇ.

ಓಬಮ್ಮ ಇಡ್ಲಿ ಮಾಡುವವಳು. ಊರಾಚೆಯ ಎಣ್ಣೆ ಮಿಲ್ಲಿನ ಕ್ಯಾಂಟೀನಿಗೆ ದಿನಾ ಬೆಳಿಗ್ಗೆ ಆರೂವರೆಯೊಳಗೆ ಇನ್ನೂರು ಇಡ್ಲಿ, ಒಂದು ದೊಡ್ಡ ಪಾತ್ರೆ ಸಾಂಬಾರು ಮುಟ್ಟಿಸಬೇಕು. ಅದಕ್ಕೊಂದು ಹಳೇ ವ್ಯಾನು. ವ್ಯಾನಿಗೊಬ್ಬ ಡ್ರೈವರು, ಮಗ ಪಾಲಯ್ಯ. ವಯಸ್ಸು ಮೂವತ್ತೊಂದು. ಕುಡಿಯುವುದಿಲ್ಲ, ಸೇದುವುದಿಲ್ಲ, ಹೇಳಿದ ಮಾತು ಮೀರುವುದಿಲ್ಲ. ಓಬಮ್ಮನ ಸಂಕಟ ಈ ಮೂರನೆಯದು. ಮಾತು ಕೇಳದ ಮಕ್ಕಳನ್ನು ಹೆತ್ತವರು ಬಂದು ಕಷ್ಟ ಹೇಳಿಕೊಂಡರೆ ಅವಳು ಹೊಟ್ಟೆಕಿಚ್ಚಿನಿಂದ ಕೇಳಿಸಿಕೊಳ್ಳುತ್ತಾಳೆ.

ಪಾಲಯ್ಯನಿಗೆ ಬೆವರು ಹೆಚ್ಚು. ಕಾರ್ತಿಕದ ಚಳಿಯಲ್ಲೂ ಬೆವರುತ್ತಾನೆ. ಅದಕ್ಕೇ ವ್ಯಾನಿನ ಮುಂದೆ, ಮೊಬೈಲ್ ಚಾರ್ಜಿಗೆ ಹಾಕುವ ಸಾಕೆಟ್ಟಿಗೆ ಆ ಫ್ಯಾನು ಸಿಕ್ಕಿಸಿದ್ದ. ಕೀ ತೆಗೆದರೂ ಆ ಸಾಕೆಟ್ಟಿನಲ್ಲಿ ಕರೆಂಟು ಹರಿಯುತ್ತಲೇ ಇತ್ತು. ಸೋಮವಾರ ಅವನು ಇಳಿದು ಮನೆಗೆ ಹೋದ, ಫ್ಯಾನು ತಿರುಗಿತು. ಅವನು ಉಂಡ, ಅದು ತಿರುಗಿತು. ಅವನು ಮಲಗಿದ, ಅದು ತಿರುಗಿತು. ಮಂಗಳವಾರ ಬೆಳಿಗ್ಗೆ ಬ್ಯಾಟರಿ ಪೂರ್ತಿ ಇಳಿದಿತ್ತು. ಬೀದಿಯವರೆಲ್ಲ ವ್ಯಾನು ತಳ್ಳಿದರು. ಇಡ್ಲಿ ಮಿಲ್ಲು ಸೇರಿದಾಗ ಏಳು ಗಂಟೆ.

"ಓಬಮ್ಮ, ಪಾಳಿಯವರು ಹೊಟ್ಟೆ ಹಸ್ಕೊಂಡು ಮಿಷನ್ ಮುಂದೆ ನಿಂತವ್ರೆ," ಅಂದರು ಮ್ಯಾನೇಜರ್ ವಿರೂಪಾಕ್ಷಪ್ಪ. "ಇದು ಒಂದನೇ ಸಲ. ಮೂರನೇ ಸಲ ಅಂತ ಆದ್ರೆ ಕ್ಯಾಂಟೀನು ಬೇರೆಯವರಿಗೆ."

ಓಬಮ್ಮನಿಗೆ ಇರುವುದು ಅದೊಂದೇ ಕ್ಯಾಂಟೀನು. ಅವಳು ಮಗನ ಕಡೆ ತಿರುಗಿದಳು.

"ಇಳಿಯೋವಾಗ ಎಲ್ಲ ಆಫ್ ಮಾಡಬೇಕು ಕಣೋ! ಕಾಲು ನೆಲಕ್ಕಿಟ್ಟೆಯೋ, ಎಲ್ಲ ಆಫ್! ತಿಳೀತಾ?"

"ಹೂಂ ಅವ್ವ."

ಪಾಲಯ್ಯ ಹೂಂ ಅಂದರೆ ಮುಗಿಯಿತು.

ಬುಧವಾರ ಹೊತ್ತಿಗೆ ಸರಿಯಾಗಿ ಮಿಲ್ಲು ತಲುಪಿದರು. ಪಾಲಯ್ಯ ಕಾಲು ನೆಲಕ್ಕಿಟ್ಟ. ಫ್ಯಾನು ಆಫ್ ಮಾಡಿದ. ಲೈಟು ಆಫ್ ಮಾಡಿದ. ಹಿಂದೆ ಹೋಗಿ ಸಾಂಬಾರಿನ ಕೆಳಗಿನ ಗ್ಯಾಸು ಆಫ್ ಮಾಡಿದ. ಕ್ಯಾಂಟೀನಿನೊಳಗೆ ಹೋಗಿ ಟ್ಯೂಬ್‌ಲೈಟು ಆಫ್ ಮಾಡಿದ. ಪಕ್ಕದ ಗೋಡೆಯಲ್ಲಿ ಕೆಂಪು ಹಿಡಿಯ ದೊಡ್ಡ ಸ್ವಿಚ್ಚೊಂದಿತ್ತು. ಎರಡೂ ಕೈಯಲ್ಲಿ ಹಿಡಿದು ಅದನ್ನೂ ಕೆಳಗೆಳೆದ.

ಮಿಲ್ಲು ನಿಂತಿತು. ಎಂಟು ಗಾಣ, ಎರಡು ಬೆಲ್ಟು, ಒಂದು ಸೈರನ್ನು ಒಟ್ಟಿಗೇ ನಿಂತವು.

"ಯಾವನ್ಲಾ ಅವನು ಮೇನ್ ಎಳ್ದಿದ್ದು?" ಅಂತ ವಿರೂಪಾಕ್ಷಪ್ಪ ಓಡಿ ಬಂದರು.

"ನಾನೇ ಸ್ವಾಮಿ," ಅಂದ ಪಾಲಯ್ಯ. "ಇನ್ನೇನಾದ್ರೂ ಉಳಿದೈತಾ?"

ಇಡ್ಲಿ ಹೊತ್ತಿಗೆ ಬಂದಿದ್ದರಿಂದ ವಿರೂಪಾಕ್ಷಪ್ಪನವರು ಇದನ್ನು ತಡದ ಲೆಕ್ಕಕ್ಕೆ ಹಿಡಿಯಲಿಲ್ಲ. ಆದರೆ ಹಲ್ಲು ಕಡಿದರು. ಓಬಮ್ಮ ಹಣೆ ಹಣೆ ಚಚ್ಚಿಕೊಂಡಳು.

"ಅಯ್ಯೋ ಮುಂಡೇದೇ! ನಮ್ಮದನ್ನ ಆಫ್ ಮಾಡು ಅಂದ್ರೆ ಊರಿಂದೆಲ್ಲ ಮಾಡ್ತೀಯಾ? ಬೇರೆಯವರ ವಸ್ತು ಮುಟ್ಟೋ ಮುಂಚೆ ಕೇಳಬೇಕು! ಅವರು ಆಗಲಿ ಅನ್ನೋವರೆಗೂ ಕೈ ಹಾಕಬಾರದು!"

"ಹೂಂ ಅವ್ವ."

"ಇವತ್ತೇ ದಸ್ತಗೀರ್ ಸಾಬ್ರ ಹತ್ರ ಹೋಗು. ಕೀ ತೆಗೆದ್ರೆ ಫ್ಯಾನು ತಾನೇ ನಿಲ್ಲೋ ಹಾಗೆ ಮಾಡಿಸ್ಕೊಂಡು ಬಾ. ನಿನ್ನ ಬುದ್ಧಿ ಅದಕ್ಕೆ ಬೇಕಾಗೇ ಇರಬಾರದು."

ದಸ್ತಗೀರ್ ಸಾಬರು ಗಾಡಿಗಳ ಕರೆಂಟು ಕೆಲಸದವರು. ಸೀಟಿನ ಕೆಳಗೆ ತಲೆ ಹಾಕಿ ಒಂದು ನಿಮಿಷ ನೋಡಿದರು.

"ಸಾಕೆಟ್ ವೈರು ಸೀದಾ ಬ್ಯಾಟರಿಯಿಂದ ಬಂದಿದೆ ಪಾಲಯ್ಯ. ಅದಕ್ಕೇ ರಾತ್ರಿಯೆಲ್ಲ ಕುಡೀತದೆ. ಇದನ್ನ ಕಿತ್ತು, ಕೀ ಹಾಕಿದ್ರೆ ಮಾತ್ರ ಜೀವ ಬರೋ ವೈರಿಗೆ ಸೇರಿಸಬೇಕು. ಕೀ ತೆಗೀತೀಯ, ಸಾಕೆಟ್ಟೂ ಸಾಯ್ತದೆ. ಅಷ್ಟೇ ಕೆಲಸ."

ಹಳೇ ವೈರು ಬಿಚ್ಚಿದರು. ಅದರ ತುದಿಯನ್ನು ಸೀಟಿನ ಮೇಲೆ ಹಾಸಿದ್ದ ತಮ್ಮ ಟವೆಲ್ಲಿನ ಮೇಲಿಟ್ಟರು. ಅಷ್ಟರಲ್ಲಿ ಫೋನು ಬಂತು. ಮಗಳ ಗಂಡಿನ ಕಡೆಯವರದು. ಸಾಬರು ಅಂಗಡಿಯಾಚೆ ಹೋಗಿ ನಿಂತು ಮೆಲ್ಲನೆ ಮಾತಾಡತೊಡಗಿದರು.

ವೈರು ಜಾರಿ ವ್ಯಾನಿನ ತಗಡಿಗೆ ತಾಗಿತು. ಚಟ್ ಅಂತು. ಟವೆಲ್ಲು ಹೊಗೆಯಾಡಿತು.

ಪಾಲಯ್ಯ ನೋಡಿದ. ಟವೆಲ್ಲು ಬೇರೆಯವರದು. ನಡೆದುಕೊಂಡು ಸಾಬರ ಮುಂದೆ ಹೋಗಿ ಕೈಕಟ್ಟಿ ನಿಂತ. ಸಾಬರು ತಡಿ ಅಂತ ಕೈ ಎತ್ತಿದರು. ಪಾಲಯ್ಯ ತಡೆದ. ಬೀಗರ ಮಾತು, ಬೇಗ ಮುಗಿಯುವಂಥದ್ದಲ್ಲ. ಕೊನೆಗೂ ಫೋನು ಜೇಬಿಗೆ ಹೋಯಿತು.

"ಏನಪ್ಪಾ?"

"ಸಾಬ್ರೆ, ನಿಮ್ಮ ಟವೆಲ್ ಮುಟ್ಟಲಾ?"

"ಯಾಕೆ?"

"ಉರೀತಾ ಐತೆ."

ಸಾಬರು ಓಡಿದರು. ಟವೆಲ್ಲು ಉಳಿಯಲಿಲ್ಲ. ಸೀಟಿನ ಅಂಚು ಅರ್ಧ ಉಳಿಯಿತು.

"ಯಾ ಅಲ್ಲಾ! ಹೊಗೆ ಕಂಡ್ರೆ ಯಾರನ್ನಾದ್ರೂ ಕೇಳ್ತಾ ನಿಲ್ತಾರೇನೋ? ಹೊಗೆ ಕಂಡ್ಯಾ, ಮೊದಲು ಬ್ಯಾಟರಿ ವೈರು ಕೀಳು! ಮಾತಾಡಬೇಡ, ಕೇಳಬೇಡ, ಕೀಳು!"

"ಹೂಂ ಸಾಬ್ರೆ."

ಸುಟ್ಟ ವೈರಿಗೆ ಬದಲು ಹೊಸದು ತರಿಸಬೇಕಿತ್ತು. ಕೆಲಸ ಮಾರನೆಯ ದಿನಕ್ಕೆ ಹೋಯಿತು.

ಗುರುವಾರ ಓಬಮ್ಮ ಸಾಂಬಾರು ಪಾತ್ರೆಯ ಕಾವಲಿಗೆ ವ್ಯಾನಿನ ಹಿಂದೆ ಕೂತಿದ್ದಳು. ಆರು ಇಪ್ಪತ್ತಕ್ಕೆ ಮಿಲ್ಲಿನ ಗೇಟು ಬಂತು. ಗೇಟಿನ ಬಾಯಲ್ಲಿ ಶೇಂಗಾ ತುಂಬಿದ ಲಾರಿ ನಿಂತಿತ್ತು. ಎಂಜಿನ್ನು ಓಡುತ್ತಿತ್ತು. ಡ್ರೈವರು ಚೀಟಿಗೆ ಸೀಲು ಹಾಕಿಸಲು ಒಳಗೆ ಹೋಗಿದ್ದ. ಲಾರಿಯ ಹಿಂದಿನ ಕೊಳವೆಯಿಂದ, ಎಲ್ಲ ಲಾರಿಗಳಂತೆ, ಹೊಗೆ ಬರುತ್ತಿತ್ತು.

ಪಾಲಯ್ಯ ಹೊಗೆ ಕಂಡ. ಮಾತಾಡಲಿಲ್ಲ. ಕೇಳಲಿಲ್ಲ. ಇಳಿದು ಸ್ಪ್ಯಾನರು ತಗೊಂಡು ಲಾರಿಯ ಬ್ಯಾಟರಿ ಪೆಟ್ಟಿಗೆ ತೆರೆದು ಎರಡೂ ವೈರು ಕಿತ್ತ. ಅಷ್ಟಾದರೂ ಹೊಗೆ ನಿಲ್ಲದ್ದು ಕಂಡು, ಕ್ಯಾಬಿನ್ನು ಹತ್ತಿ ಲಾರಿಯ ಎಂಜಿನ್ನೂ ಆಫ್ ಮಾಡಿದ. ಹೊಗೆ ನಿಂತಿತು. ತೃಪ್ತಿಯಾಯಿತು.

ಡ್ರೈವರು ಬಂದ. ಲಾರಿ ಹೊರಡಲಿಲ್ಲ. ಹಿಂದೆ ವ್ಯಾನು, ವ್ಯಾನಿನ ಹಿಂದೆ ಇನ್ನೂ ಮೂರು ಲಾರಿ.

"ಯಾರು ಮಾಡಿದ್ದು ಇದನ್ನ?"

"ನಾನೇ ಅಣ್ಣ. ನಿನ್ನ ಗಾಡಿ ಉಳಿಸ್ದೆ."

ಡ್ರೈವರು ಏನಂದನೋ ಅದನ್ನು ಇಲ್ಲಿ ಬರೆಯುವಂತಿಲ್ಲ. ವೈರು ಕೂಡಿಸಿ ಲಾರಿ ಸರಿದು ದಾರಿ ಬಿಟ್ಟಾಗ ಆರು ಐವತ್ತು.

"ಎರಡನೇ ಸಲ," ಅಂದರು ವಿರೂಪಾಕ್ಷಪ್ಪ.

ಆ ದಿನ ಓಬಮ್ಮ ಮಗನ ಜೊತೆ ತಾನೇ ಸಾಬರ ಅಂಗಡಿಗೆ ಹೋದಳು. ಸ್ಟೂಲು ಹಾಕಿಕೊಂಡು ಕೂತಳು. ಕೆಲಸ ಮುಗಿಯುವವರೆಗೂ ಪಾಲಯ್ಯನ ಎರಡೂ ಕೈ ತನ್ನ ಕೈಯಲ್ಲಿ ಹಿಡಿದಿದ್ದಳು. ಸಾಬರು ಹೊಸ ವೈರು ಎಳೆದರು, ಫ್ಯೂಜು ಹಾಕಿದರು, ಕೀ ಹಾಕಿದರು. ಫ್ಯಾನು ತಿರುಗಿತು. ಕೀ ತೆಗೆದರು. ಫ್ಯಾನು ನಿಂತಿತು. ಹಾಕಿದರು, ತಿರುಗಿತು. ತೆಗೆದರು, ನಿಂತಿತು.

"ನೋಡ್ದ್ಯಾ ಪಾಲಯ್ಯ? ಆ ಫ್ಯಾನಿನ ಸ್ವಿಚ್ಚನ್ನ ಇನ್ನು ಮೇಲೆ ಮುಟ್ಟಲೇಬೇಡ. ಸಡಿಲ ಆಗಿದೆ, ಕಿತ್ತು ಬರ್ತದೆ. ಫ್ಯಾನು ನಿಲ್ಲಿಸಬೇಕಾ, ಕೀ ತೆಗಿ. ಬೇರೆ ಏನೂ ಮಾಡಬೇಡ."

"ಹೂಂ ಸಾಬ್ರೆ."

"ಕೀ ತೆಗೆದ ಮೇಲೆ ಅದು ಇವನ ಹತ್ರ ಇರಬಾರದು ಸಾಬ್ರೆ," ಅಂದಳು ಓಬಮ್ಮ. "ಇವನ ಕೈಯಲ್ಲಿದ್ರೆ ಇನ್ಯಾರ ಲಾರಿ ಹತ್ತುತಾನೋ. ಲೋ, ಕೀ ತೆಗೆದ ತಕ್ಷಣ ತಂದು ನನ್ನ ಕೈಗೆ ಕೊಡು. ತಕ್ಷಣ!"

"ಹೂಂ ಅವ್ವ."

ಶುಕ್ರವಾರ ವ್ಯಾನು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಬ್ಯಾಟರಿ ಗಟ್ಟಿಯಾಗಿತ್ತು. ಓಬಮ್ಮ ಮುಂದಿನ ಸೀಟಿನಲ್ಲಿ ಕೂತಳು, ಮಗನ ಮೇಲೆ ಕಣ್ಣಿಟ್ಟು. ಮೂರನೆಯ ಸಲ ಆಗಬಾರದು. ರಸ್ತೆ ಖಾಲಿ. ಆರು ಹತ್ತಕ್ಕೆ ದೊಡ್ಡ ರಸ್ತೆ ದಾಟಿದರು. ಆರು ಇಪ್ಪತ್ತಕ್ಕೆ ಮಿಲ್ಲಿನ ಚಿಮಣಿ ಕಂಡಿತು. ಗೇಟು ಹಾರು ಹೊಡೆದಿತ್ತು. ಅಡ್ಡ ಲಾರಿ ಇರಲಿಲ್ಲ. ಓಬಮ್ಮನಿಗೆ ನಾಲ್ಕು ದಿನದಲ್ಲಿ ಮೊದಲ ಸಲ ಉಸಿರು ಸಲೀಸಾಯಿತು. ಉಸಿರು ಸಲೀಸಾದ ಮೇಲೆ ಚಳಿ ಗೊತ್ತಾಯಿತು. ಫ್ಯಾನಿನ ಗಾಳಿ ನೇರ ಅವಳ ಕಿವಿಗೆ ಬಡಿಯುತ್ತಿತ್ತು.

"ಲೋ, ಆ ಫ್ಯಾನು ನಿಲ್ಲಿಸೋ. ಕಿವಿ ಸೆಟ್ಕೊಂಡು ಹೋಗ್ತಾ ಐತೆ."

"ಹೂಂ ಅವ್ವ."

ಪಾಲಯ್ಯ ಸ್ವಿಚ್ಚು ಮುಟ್ಟಲಿಲ್ಲ. ಕೀ ತೆಗೆದ. ತಕ್ಷಣ, ಸ್ಟೇರಿಂಗು ಬಿಟ್ಟು, ಎರಡೂ ಕೈಯಲ್ಲಿ ಅವ್ವನಿಗೆ ಕೊಟ್ಟ.

"ತಗೋ ಅವ್ವ."

"ಏನೋ ಇದು?"

"ಕೀ."

ಎಂಜಿನ್ನು ನಿಂತಿತ್ತು. ಸ್ಟೇರಿಂಗು ಬಿಗಿದುಕೊಂಡಿತ್ತು. ವ್ಯಾನು ಮಾತ್ರ ನಿಂತಿರಲಿಲ್ಲ. ಗೇಟಿನ ಇಳಿಜಾರಿನಲ್ಲಿ ಸದ್ದಿಲ್ಲದೆ ಜಾರುತ್ತಾ ಒಳಗೆ ನುಗ್ಗಿತು.

"ಬ್ರೇಕು! ಬ್ರೇಕು ತುಳಿಯೋ!"

"ಸಾಬ್ರು ಬೇರೆ ಏನೂ ಮಾಡಬೇಡ ಅಂದವ್ರೆ ಅವ್ವ!"

ವಾಚ್‌ಮನ್ನು ಸಲ್ಯೂಟು ಹೊಡೆಯಲು ಎತ್ತಿದ ಕೈಯನ್ನು ಹಾಗೇ ಇಟ್ಟುಕೊಂಡು ಪಕ್ಕಕ್ಕೆ ಹಾರಿದ. ಎರಡು ಹೆಂಗಸರು ಮೊರ ಬಿಸಾಕಿ ಓಡಿದರು. ಓಬಮ್ಮ ಕೀ ಹಿಡಿದ ಕೈಯಲ್ಲೇ ಕಣ್ಣು ಮುಚ್ಚಿಕೊಂಡಳು. ಕ್ಯಾಂಟೀನಿನ ಬಾಗಿಲ ಪಕ್ಕ ಶೇಂಗಾ ಸಿಪ್ಪೆಯ ರಾಶಿ ಇತ್ತು, ಮನೆಯೆತ್ತರ. ವ್ಯಾನು ಅದರೊಳಗೆ ಸೀಟಿನವರೆಗೆ ಹೊಕ್ಕು ನಿಂತಿತು. ಹಿಂದಿನ ಬಾಗಿಲು ಕ್ಯಾಂಟೀನಿನ ಮೆಟ್ಟಿಲಿಗೆ ಮುಖ ಮಾಡಿ ತಾನೇ ತೆರೆದುಕೊಂಡಿತು.

ಪಾಳಿಯವರು ತಟ್ಟೆ ಹಿಡಿದು ಹೊರಗೆ ಬಂದರು. ಇಡ್ಲಿ ಇಳಿಸಿಕೊಂಡರು. ಸಾಂಬಾರು ಅರ್ಧ ಚೆಲ್ಲಿತ್ತು, ಅರ್ಧ ಬಿಸಿ ಇತ್ತು. ವಿರೂಪಾಕ್ಷಪ್ಪನವರು ಗಡಿಯಾರ ನೋಡಿದರು, ಸಿಪ್ಪೆಯ ರಾಶಿ ನೋಡಿದರು, ಮತ್ತೆ ಗಡಿಯಾರ ನೋಡಿದರು.

ಸಮಯ ಆರು ಇಪ್ಪತ್ತಾರು. ಕ್ಯಾಂಟೀನು ಓಬಮ್ಮನ ಬಳಿಯೇ ಉಳಿಯಿತು.