ಬಿಡು ಎಂಬ ಮಾತು

"ಗುರುಗಳೇ, ನಾನು ಹೇಳಿದ್ದು ಸರಿಯಾಗಿಯೇ ಇತ್ತು. ಕೇಳಿದವನು ಬೇರೆಯಾಗಿ ತಿಳಿದುಕೊಂಡ. ಕೆಲಸ ಕೆಟ್ಟಿತು. ಇಂಥಲ್ಲಿ ತಪ್ಪು ಯಾರದು?" ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಫಿಟ್ಟರ್ ಇದ್ದ. ಗೋಡೆಗೆ ತೂತು ಕೊರೆದು ಕಪಾಟು, ಫ್ಯಾನು, ಪೈಪು ಕೂರಿಸುವುದು ಅವನ ಕೆಲಸ. ಅವನ ಬಳಿ ಬ್ಯಾಟರಿಯಿಂದ ನಡೆಯುವ ಹ್ಯಾಮರ್ ಡ್ರಿಲ್ ಇತ್ತು. ಅದರ ತುದಿಯ ಉಕ್ಕಿನ ಕಡ್ಡಿ ತಿರುಗುವುದರ ಜೊತೆಗೆ ಸುತ್ತಿಗೆಯ ಹಾಗೆ ಬಡಿಯುತ್ತಲೂ ಹೋಗುತ್ತದೆ. ಫಿಟ್ಟರ್ ಶಿಸ್ತಿನ ಮನುಷ್ಯ. ಕಣ್ಣಿಗೆ ಕನ್ನಡಕ ಹಾಕದೆ ಯಂತ್ರ ಮುಟ್ಟುತ್ತಿರಲಿಲ್ಲ. ಕಡ್ಡಿ ಬದಲಿಸುವ ಮುಂಚೆ ಬ್ಯಾಟರಿಯನ್ನು ಹೊರಗೆ ತೆಗೆದಿಡುತ್ತಿದ್ದ. ಸ್ವಿಚ್ ಬೋರ್ಡಿನ ನೇರಕ್ಕಾಗಲಿ ನಲ್ಲಿಯ ನೇರಕ್ಕಾಗಲಿ ತೂತು ಹಾಕುತ್ತಿರಲಿಲ್ಲ, ಗೋಡೆಯೊಳಗೆ ವೈರು, ಪೈಪು ಹೋಗಿರುತ್ತವೆ ಎಂದು. ಅವಸರ ಮಾಡಿದ ಗಿರಾಕಿಗೆ "ಬೇರೆಯವರನ್ನು ಕರೆಸಿಕೊಳ್ಳಿ" ಎಂದು ಹೇಳಿ ಚೀಲ ಎತ್ತಿಕೊಂಡು ಹೊರಟುಹೋಗುತ್ತಿದ್ದ.

ಅವನ ಹೆಂಡತಿಯ ತಮ್ಮ ದೋಸೆ ಹಾಕುವ ಅಡುಗೆಯವನು. ಬಹಳ ವರ್ಷ ಬೇರೆಯವರ ಹೋಟೆಲಿನಲ್ಲಿ ಕಾವಲಿಯ ಮುಂದೆ ನಿಂತವನು. ಅವನ ಬಲಗೈಯ ಮಣಿಕಟ್ಟು ಸುತ್ತಿದರೆ ಹಿಟ್ಟು ಅಂಚಿನವರೆಗೂ ಒಂದೇ ಸಮನೆ ತೆಳುವಾಗಿ ಹರಡುತ್ತಿತ್ತು. ಆ ಕೈಯನ್ನು ನಂಬಿಯೇ ಅವನು ಕೊನೆಗೊಂದು ಸ್ವಂತ ಹೋಟೆಲ್ ಮಾಡಲು ಹೊರಟ. ಇನ್ನೊಬ್ಬ ಅಡುಗೆಯವನನ್ನು ಇಟ್ಟುಕೊಳ್ಳುವ ಶಕ್ತಿ ಅವನಿಗಿರಲಿಲ್ಲ. ಬಾಗಿಲು ತೆರೆಯುವ ಹಿಂದಿನ ದಿನ ಫಿಟ್ಟರ್ ಬಂದು ಕಪಾಟುಗಳನ್ನೆಲ್ಲ ಕೂರಿಸಿದ. ದೇವರ ಪಟ ಒಂದು ಉಳಿಯಿತು.

ಪಟ ಪೂರ್ವಕ್ಕೆ ಮುಖ ಮಾಡಬೇಕು. ಪೂರ್ವಕ್ಕೆ ಮುಖವಾಗಿ ಖಾಲಿ ಇದ್ದದ್ದು ಕಾಂಕ್ರೀಟಿನ ಕಂಬ ಮಾತ್ರ. ಆ ತೂತನ್ನು ತಾನೇ ಹಾಕುತ್ತೇನೆ ಎಂದು ಅಡುಗೆಯವನು ಹಟ ಹಿಡಿದ.

"ಭಾವ, ನನ್ನ ಹೋಟ್ಲಿನ ದೇವರು. ಅದೊಂದು ನನ್ನ ಕೈಯಿಂದ್ಲೇ ಆಗ್ಲಿ."

"ಇದು ದೋಸೆ ಮೇಲೆ ತೂತು ಬಿದ್ದಷ್ಟು ಸುಲಭ ಅಲ್ಲ ಕಣಯ್ಯ. ಮೊದ್ಲು ಹೆಗಲ ಮೇಲಿನ ಆ ಟವೆಲ್ ತೆಗಿ. ಕಡ್ಡಿಗೆ ಸುತ್ತಿಕೊಂಡ್ರೆ ಅದರ ಜೊತೆ ನೀನೂ ಸುತ್ತುತೀಯ."

"ಟವೆಲ್ ಇಲ್ದಿದ್ರೆ ನಂಗೆ ಅಂಗಿ ಇಲ್ದಂಗೆ ಆಗುತ್ತೆ ಭಾವ."

"ದೇವರು ನೋಡ್ತಾನೆ ಅಂತ ನಾಚಿಕೆನಾ? ತೆಗಿ."

ಅಡುಗೆಯವನು ಟವೆಲ್ ತೆಗೆದ. ಫಿಟ್ಟರ್ ಅವನ ಕಣ್ಣಿಗೆ ಕನ್ನಡಕ ಹಾಕಿಸಿದ, ಕಿವಿಗೆ ಸದ್ದು ತಡೆಯುವ ಬಿರಡೆ ಇಡಿಸಿದ. ಯಂತ್ರದ ಬದಿಯ ಹಿಡಿಕೆಯನ್ನು ಬಿಗಿ ಮಾಡಿ, ಎಡಗೈ ಅಲ್ಲಿಂದ ಕದಲಬಾರದು ಎಂದ. ಕಾಲು ಅಗಲಿಸಿ ನೆಲದ ಮೇಲೆ ಗಟ್ಟಿಯಾಗಿ ನಿಲ್ಲಿಸಿದ. ಯಂತ್ರದ ಮೇಲೆ ಮೈಭಾರ ಹಾಕಬೇಡ, ಕೊರೆಯುವುದು ಅದರ ಕೆಲಸ, ನೇರವಾಗಿ ಹಿಡಿಯುವುದಷ್ಟೇ ನಿನ್ನ ಕೆಲಸ ಎಂದ. ಮೊದಲು ನಿಧಾನ, ಕಡ್ಡಿ ಗುರುತಿನಲ್ಲಿ ಕೂತ ಮೇಲೆ ವೇಗ, ನಡುನಡುವೆ ಕಡ್ಡಿಯನ್ನು ಹಿಂದಕ್ಕೆಳೆದು ಪುಡಿ ಉದುರಿಸಬೇಕು. ಒಂದೊಂದನ್ನೂ ಹೇಳಿದ. ಹೇಳಿದ್ದನ್ನು ತಿರುಗಿ ಅವನ ಬಾಯಲ್ಲಿ ಹೇಳಿಸಿದ. ಕೊನೆಯದೊಂದು ಮಾತನ್ನು ಮಾತ್ರ ಹೇಳಿಸಲಿಲ್ಲ. ಅದು ಅಷ್ಟು ಸಣ್ಣ ಮಾತು.

"ಕಂಬದೊಳಗೆ ಕಬ್ಬಿಣದ ಸರಳು ಇರುತ್ತೆ. ಕಡ್ಡಿ ಅದಕ್ಕೆ ಸಿಕ್ಕಿಕೊಂಡ್ರೆ ಕಡ್ಡಿ ನಿಲ್ಲುತ್ತೆ, ಯಂತ್ರ ತಿರುಗೋಕೆ ಶುರು ಮಾಡುತ್ತೆ. ನಾನು 'ಬಿಡು' ಅಂದ ತಕ್ಷಣ ಬಿಡ್ಬೇಕು."

"ಬಿಡೋದನ್ನೂ ನಂಗೆ ಹೇಳಿಕೊಡ್ಬೇಕಾ ಭಾವ!" ಎಂದು ಅಡುಗೆಯವನು ನಕ್ಕ.

ಫಿಟ್ಟರನ ಕೆಲಸದಲ್ಲಿ ಬಿಡು ಎಂದರೆ ಯಂತ್ರ ಓಡಿಸುವ ಗುಂಡಿಯ ಮೇಲಿನ ಬೆರಳನ್ನು ತೆಗೆ ಎಂದು. ಕಾವಲಿಯ ಮುಂದೆ ಹಾಗಲ್ಲ. ಅಲ್ಲಿ ಹಿಟ್ಟು ಬಿಡು ಎನ್ನುತ್ತಾರೆ, ಸುತ್ತಲೂ ಎಣ್ಣೆ ಬಿಡು ಎನ್ನುತ್ತಾರೆ, ಗ್ಯಾಸ್ ಜೋರಾಗಿ ಬಿಡು ಎನ್ನುತ್ತಾರೆ. ಅಲ್ಲಿ ಬಿಡು ಎಂದರೆ ಕೊಡು, ಇನ್ನಷ್ಟು ಕೊಡು. ಅಡುಗೆಯವನು ಚಿಕ್ಕಂದಿನಿಂದ ಈ ಮಾತನ್ನು ಕೇಳಿ ಕೈ ಆಡಿಸಿದವನು. ಆ ಮಾತು ಅವನ ತಲೆಗೆ ಹೋಗುವ ಮೊದಲೇ ಕೈಗೆ ಹೋಗುತ್ತಿತ್ತು.

ಅವನು ಕೊರೆಯತೊಡಗಿದ. ಹೇಳಿಕೊಟ್ಟದ್ದನ್ನು ಹೇಳಿಕೊಟ್ಟ ಹಾಗೆಯೇ ಮಾಡಿದ. ಫಿಟ್ಟರನಿಗೂ ಮೆಚ್ಚುಗೆಯಾಯಿತು. ಆಗ ಕಡ್ಡಿ ಒಳಗಿನ ಸರಳಿಗೆ ತಾಗಿ ಸಿಕ್ಕಿಕೊಂಡಿತು. ಯಂತ್ರ ಒಮ್ಮೆ ಜಗ್ಗಿತು.

"ಬಿಡು! ಬಿಡು!" ಎಂದು ಫಿಟ್ಟರ್ ಕೂಗಿದ.

ಅಡುಗೆಯವನು ಗುಂಡಿಯನ್ನು ಕೊನೆಯವರೆಗೂ ಒತ್ತಿದ. ಕಡ್ಡಿ ನಿಂತಲ್ಲೇ ನಿಂತಿತು. ಯಂತ್ರ ಪೂರ್ತಿ ಬಲದಿಂದ ಅದರ ಸುತ್ತ ತಿರುಗಿತು. ಎಡಗೈ ಬದಿಯ ಹಿಡಿಕೆಯಿಂದ ಕಳಚಿತು. ಹಿಂದಿನ ಹಿಡಿಕೆಯನ್ನು ಹಿಡಿದಿದ್ದ ಬಲಗೈಯನ್ನು ಯಂತ್ರ ತನ್ನ ಜೊತೆ ತಿರುಚಿಕೊಂಡು ಹೋಯಿತು. ಮಣಿಕಟ್ಟು ಮುರಿಯಿತು.

ಆಸ್ಪತ್ರೆಯಲ್ಲಿ ಕೈಗೆ ಪಟ್ಟಿ ಕಟ್ಟುತ್ತಿರುವಾಗಲೇ ಜಗಳ ಶುರುವಾಯಿತು.

"ಬಿಡು ಅಂದೆನಲ್ಲೋ!"

"ಬಿಟ್ಟೆನಲ್ಲ ಭಾವ! ಇದ್ದಷ್ಟೂ ಬಿಟ್ಟೆ!"

ಮರುದಿನ ಹೋಟೆಲಿನ ಶಟರ್ ಏಳಲಿಲ್ಲ. ತಿಂಡಿಗೆಂದು ಬಂದ ನೆಂಟರು ಶಟರಿನ ಮುಂದೆ ನಿಂತು ಎರಡು ಪಕ್ಷವಾದರು. ನನ್ನ ಪಾಠದಲ್ಲಿ ಒಂದಕ್ಷರ ತಪ್ಪಿದ್ದರೆ ತೋರಿಸಿ ಎಂದು ಫಿಟ್ಟರ್ ಕೇಳಿದ. ಯಾರಿಂದಲೂ ತೋರಿಸಲಾಗಲಿಲ್ಲ. ಬಿಡು ಅಂದರೆ ನಮ್ಮಲ್ಲಿ ಏನರ್ಥ ಅಂತ ಯಾವ ಹೋಟೆಲಿನಲ್ಲಾದರೂ ಕೇಳಿಬನ್ನಿ ಎಂದು ಅಡುಗೆಯವನ ಕಡೆಯವರು ಅಂದರು. ಅದೂ ಸುಳ್ಳಾಗಿರಲಿಲ್ಲ. ಫಿಟ್ಟರನ ಹೆಂಡತಿ ಒಮ್ಮೆ ಗಂಡನ ಪರ, ಒಮ್ಮೆ ತಮ್ಮನ ಪರ ಮಾತಾಡಿ ಎರಡೂ ಕಡೆಯಿಂದ ಬೈಸಿಕೊಂಡಳು. ಬಹಳ ಕಾಲ ಆ ಮನೆಗಳಲ್ಲಿ ಅದೇ ಮಾತು ನಡೆಯಿತು.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯನ ಮುಖ ತಿಳಿಯಾಯಿತು.

"ಈಗ ಅರ್ಥವಾಯಿತು, ಗುರುಗಳೇ. ತಪ್ಪು ಹೆಚ್ಚಿನ ಪಾಲು ಫಿಟ್ಟರನದು. ಬ್ಯಾಟರಿ ಹಾಕುವ ಮುಂಚೆಯೇ ಅವನು ಒಮ್ಮೆ 'ಬಿಡು' ಎಂದು ಕೂಗಿ, ಅಡುಗೆಯವನ ಬೆರಳು ಏನು ಮಾಡುತ್ತದೆ ಎಂದು ನೋಡಬೇಕಿತ್ತು. ಎಲ್ಲವನ್ನೂ ಹೇಳಿಸಿದವನು ಅದೊಂದನ್ನು ಹೇಳಿಸಲಿಲ್ಲ. ಅಡುಗೆಯವನದೂ ಸ್ವಲ್ಪ ಇದೆ. ಕೈಯಲ್ಲಿ ಹೊಸ ಯಂತ್ರ ಹಿಡಿದವನು ಗೊತ್ತಿರುವ ಮಾತನ್ನೂ ಕೇಳಿ ತಿಳಿದುಕೊಳ್ಳಬೇಕಿತ್ತು, ನಗಬಾರದಿತ್ತು. ನನ್ನ ತೀರ್ಪು ಸರಿಯೇ?"

"ಸರಿಯಾಗಿದೆ," ಎಂದರು ಗುರುಗಳು, "ಆ ಕೈ ಏನಾಯಿತು ಎಂದು ಮಾತ್ರ ನೀನು ಕೇಳಲಿಲ್ಲ."