ಮೊದಲ ಮಳೆಯ ಹಸಿರು

ಮೊದಲು ಒಂದು ಒಗಟು. ಅಜ್ಜಿಯೊಬ್ಬಳ ಕಣ್ಣು ಬೇಲಿಗೂಟದ ಮೇಲೆ ಕೂತು ಬಿಸಿಲು ಕಾಯಿಸುತ್ತಿದೆ. ಏನದು, ಹೇಳಿ ನೋಡೋಣ?

ಗೊತ್ತಾಗಲ್ಲ, ಬಿಡಿ. ತಲೆ ಕೆರೆದುಕೊಂಡರೆ ಹೇನು ಉದುರುತ್ತೆ, ಉತ್ತರ ಉದುರಲ್ಲ. ಉತ್ತರ ಬೇಕಾದರೆ ಕತೆ ಕೇಳಬೇಕು.

ಭೂಮಿ ಇನ್ನೂ ಹಸಿ ಮಡಕೆಯ ಹಾಗೆ ಮೆತ್ತಗಿದ್ದ ಕಾಲ. ಗುಡ್ಡಗಳು ಆಗಷ್ಟೇ ಎದ್ದು ಕೂತು ಆಕಳಿಸುತ್ತಿದ್ದವು. ಹಳ್ಳಗಳು ಯಾವ ಕಡೆ ಹರಿಯಬೇಕು ಅಂತ ತಿಳಿಯದೆ ಕಂಡಕಂಡವರನ್ನೆಲ್ಲ ದಾರಿ ಕೇಳುತ್ತಿದ್ದವು. ಮಳೆಗಾಲ, ಚಳಿಗಾಲ, ಬೇಸಿಗೆ ಮೂವರೂ ಹೊಸಬರು. ಮೂವರಿಗೂ ಕೆಟ್ಟ ಮರೆವು ಬೇರೆ.

ಒಂದು ಸಲ ಚಳಿಗಾಲ ಬಂದು ಮುತ್ತುಗದ ಮರಕ್ಕೆ ಕೆಂಡದಂಥ ಹೂ ಮುಡಿಸಿಬಿಟ್ಟಿತು. ಅದು ಬೇಸಿಗೆಯ ಕೆಲಸ. ಬೇಸಿಗೆ ಬಂದು "ನನ್ನ ಹೂ ಮುಟ್ಟಿದವರು ಯಾರು?" ಅಂತ ರಂಪ ಮಾಡಿ, ಸಿಟ್ಟಿಗೆ ಹುಲ್ಲಿನ ಮೇಲೆಲ್ಲ ಚಳಿಗಾಲದ ಇಬ್ಬನಿ ಸುರಿದು ಹೋಯಿತು.

ಈ ರಗಳೆ ನೋಡಲಾರದೆ ಕರಟಜ್ಜಿ ಕೆಲಸಕ್ಕಿಳಿದಳು.

ಅವಳ ನಿಜವಾದ ಹೆಸರು ಯಾರಿಗೂ ಗೊತ್ತಿಲ್ಲ. ಬಣ್ಣ ತುಂಬಿದ ತೆಂಗಿನ ಕರಟಗಳನ್ನು ಸೊಂಟಕ್ಕೆ ಕಟ್ಟಿಕೊಂಡು ಲೊಟಲೊಟ ಸದ್ದು ಮಾಡುತ್ತ ನಡೆಯುತ್ತಿದ್ದಳಲ್ಲ, ಅದಕ್ಕೆ ಆ ಹೆಸರು. ಗುಡ್ಡದ ಎದುರಿನ ಬಯಲಲ್ಲಿ ಬಂಡೆಗಳ ಸಾಲಿತ್ತು. ಅಜ್ಜಿ ಅಲ್ಲೇ, ಬಿಸಿಲೋ ಗಾಳಿಯೋ, ಕೂತುಬಿಡುವಳು. ಈಚಲು ಕಡ್ಡಿಯ ತುದಿ ಜಗಿದು ಕುಂಚ ಮಾಡುವಳು. ಒಂದು ಕಣ್ಣು ಮುಚ್ಚಿ, ಹೆಬ್ಬೆರಳೆತ್ತಿ ಗುಡ್ಡವನ್ನು ಅಳೆಯುವಳು. ಯಾವ ಕಾಲದಲ್ಲಿ ಗುಡ್ಡ ಹೇಗಿರುತ್ತದೋ ಹಾಗೇ ಬಂಡೆಯ ಮೇಲೆ ಬರೆಯುವಳು. ಚಳಿಗಾಲದ ಬಂಡೆಗೆ ತಂಗಡಿ ಹೂವಿನ ಹಳದಿ, ಬೇಸಿಗೆಯ ಬಂಡೆಗೆ ಮುತ್ತುಗದ ಕೆಂಡ.

ಮಾರನೇ ವರ್ಷ ಕಾಲಗಳು ಬಂದು ಮೊದಲು ಬಂಡೆ ನೋಡುವವು. "ಓಹೋ, ನಾನು ಹೀಗಿದ್ದೆನಾ!" ಅಂದುಕೊಂಡು ಆಮೇಲೆ ಕೆಲಸಕ್ಕೆ ಕೈ ಹಾಕುವವು.

ಅಜ್ಜಿಯ ಜೊತೆಗೊಬ್ಬ ಇದ್ದ. ಓತಿಕ್ಯಾತ. ಆಗ ಅವನು ಸುಣ್ಣ ಬಳಿದ ಗೋಡೆಯ ಹಾಗೆ ಬೆಳ್ಳಗಿದ್ದ. ಹೊಸ ಬಣ್ಣ ಕಲಸಿದಾಗಲೆಲ್ಲ ಅಜ್ಜಿ ಅವನ ಕತ್ತಿನ ಕೆಳಗೆ ಒಂದು ಬೊಟ್ಟು ಹಚ್ಚಿ, ಗುಡ್ಡಕ್ಕೆ ಎದುರಾಗಿ ಹಿಡಿಯುವಳು.

"ನೋಡೋ ಕ್ಯಾತ, ಹೊಂದುತ್ತಾ?"

ಕ್ಯಾತ ತಲೆ ಬಗ್ಗಿಸಿ ಬೊಟ್ಟು ನೋಡುವನು. ತಲೆ ಎತ್ತಿ ಗುಡ್ಡ ನೋಡುವನು. ಮತ್ತೆ ಬಗ್ಗಿಸುವನು, ಮತ್ತೆ ಎತ್ತುವನು. ಹೊಂದಿದರೆ "ಹೂಂ ಅಜ್ಜಿ, ಅಚ್ಚು ಇದೇ." ಹೊಂದದಿದ್ದರೆ "ಥೂ, ಎಮ್ಮೆ ಕೂಡ ಇದರ ಮೇಲೆ ಮಲಗಲ್ಲ." ಆಮೇಲೆ ಹಳ್ಳಕ್ಕೆ ಬಿದ್ದು ತೊಳೆದುಕೊಂಡು ಬರುವನು.

ಕ್ಯಾತ ಬಲು ತರಲೆ. ಬಿಳಿ ಮೋಡಕ್ಕೆ ಅಜ್ಜಿ ಮಸಿ ಹಚ್ಚಿ ತೋರಿಸಿದರೂ "ಹೂಂ, ಇದೇ" ಅಂದುಬಿಡುವನು. ಅಜ್ಜಿ ತಾನೇ ಒಮ್ಮೆ ಕಣ್ಣು ಹಾಯಿಸಿ, ಕುಂಚದ ಹಿಂಬದಿಯಿಂದ ಅವನ ಪಕ್ಕೆಗೆ ತಿವಿಯುವಳು. "ಲೇ ಕಳ್ಳ, ಮೋಡಕ್ಕೆ ಮಸಿಯೇನೋ?" ಇಬ್ಬರೂ ನಗುವರು. ಅದು ಅವರಿಬ್ಬರ ಆಟ.

ಬಾಕಿ ಉಳಿದದ್ದು ಒಂದೇ ಬಂಡೆ. ಮೊದಲ ಮಳೆ ಬಿದ್ದಾಗ ಗುಡ್ಡದ ಮೈಮೇಲೆ ಏಳುವ ಎಳೇ ಹಸಿರು, ಮುಟ್ಟಿದರೆ ಕೈಗಂಟುತ್ತೇನೋ ಅನ್ನುವಂಥದ್ದು. ಪ್ರತಿ ವರ್ಷ ಅಜ್ಜಿ ಬಣ್ಣ ಕಲಸುವಷ್ಟರಲ್ಲಿ ಅದು ಬಲಿತು ಕಪ್ಪಾಗುತ್ತಿತ್ತು.

"ಇದೊಂದು ಆಗಬೇಕು ಕಣೋ ಕ್ಯಾತ," ಎನ್ನುತ್ತಿದ್ದಳು ಅಜ್ಜಿ. "ಮಳೆರಾಯ ಮರೆಗುಳಿಗಳಿಗೆಲ್ಲ ಯಜಮಾನ. ಬಂಡೆ ಮೇಲೆ ಬರೆದಿಡದಿದ್ದರೆ ಈ ಹಸಿರು ಅವನ ತಲೆಯಿಂದ ಜಾರಿಹೋಗುತ್ತೆ. ಆಮೇಲೆ ಯಾರೂ ನೋಡಲ್ಲ."

ಆ ವರ್ಷ ಮೊದಲ ಮಳೆ ಬಿತ್ತು. ಅಜ್ಜಿ ಓಡಿ ಬಂದು ಕೂತಳು. ಯಾಕೋ ಒಂದೊಂದೇ ಕರಟ ಎತ್ತಿ ಮೂಸುತ್ತಿದ್ದಳು.

"ಯಾಕಜ್ಜಿ, ಬಣ್ಣ ಹಳಸಿದೆಯಾ?" ಅಂದ ಕ್ಯಾತ.

"ಸುಮ್ನಿರೋ. ಮಳೆ ಬಿದ್ದು ಎಲ್ಲಾ ಮಣ್ಣಿನ ವಾಸನೆಯೇ ಹೊಡೀತಿದೆ," ಎಂದು ಗೊಣಗಿ, ಒಂದು ಕರಟಕ್ಕೆ ಬೆರಳದ್ದಿ ಅವನ ಕತ್ತಿಗೆ ಹಚ್ಚಿದಳು. "ನೋಡು. ಹೊಂದುತ್ತಾ?"

ಕ್ಯಾತ ತಲೆ ಬಗ್ಗಿಸಿದ. ಕೆಂಪು! ಅಪ್ಪಟ ಕೆಮ್ಮಣ್ಣು. ತಲೆ ಎತ್ತಿದ. ಗುಡ್ಡ ಎಳೇ ಹಸಿರಾಗಿ ನಿಂತಿತ್ತು. ಓಹೋ, ಇವತ್ತು ಆಟ ಅಜ್ಜಿಯೇ ಶುರು ಮಾಡಿದ್ದಾಳೆ ಅಂದುಕೊಂಡ. ನಗು ನುಂಗಿಕೊಂಡು ಹೇಳಿದ:

"ಹೂಂ ಅಜ್ಜಿ. ಅಚ್ಚು ಇದೇ."

ಪಕ್ಕೆ ಬಿಗಿ ಹಿಡಿದು ತಿವಿತಕ್ಕೆ ಕಾದ. ತಿವಿತ ಬರಲಿಲ್ಲ. ಅಜ್ಜಿ ಕುಂಚ ಅದ್ದಿ ಬಂಡೆಗೆ ಬಳಿಯತೊಡಗಿದಳು. ಕ್ಯಾತನಿಗೆ ನಗು ತಡೆಯಲಾಗಲಿಲ್ಲ. ಓಡಿಹೋಗಿ ಅಳಿಲಿಗೆ ಹೇಳಿದ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ಮರದ ಬುಡದಲ್ಲಿ ಹೊರಳಾಡಿದರು.

ತಿರುಗಿ ಬಂದಾಗ ಇಡೀ ಬಂಡೆ ಕೆಂಪಾಗಿತ್ತು. ಅಜ್ಜಿ ಅದರ ಮುಂದೆ ಕೈಕಟ್ಟಿ ಕೂತಿದ್ದಳು.

"ಸಿಕ್ಕಿತು ನೋಡೋ ಕ್ಯಾತ. ಕಣ್ಣಿಗೆ ಎಷ್ಟು ತಂಪು, ಅಲ್ವಾ?"

ಕ್ಯಾತ ಆಗ ಅಜ್ಜಿಯ ಕಣ್ಣು ನೋಡಿದ. ಎರಡೂ ಕಣ್ಣಿಗೆ ಹಾಲಿನ ಕೆನೆಯಂಥ ಪೊರೆ ಬಂದಿತ್ತು.

ನೀರು ಕುಡಿಯಲು ಹೋದರೆ ಹಳ್ಳ ಕೇಳಿತು: "ಹೇಳಿದೆಯೇನೋ?"

"ಇಲ್ಲ."

"ಹೇಳೋ ಮಾರಾಯ. ಬಣ್ಣ ಇನ್ನೂ ಹಸಿ ಇದೆ. ಈಗಲೇ ಹೇಳಿದರೆ ನಾನೇ ಎದ್ದು ಬಂದು ತೊಳೆದುಕೊಡ್ತೀನಿ."

"ಎಷ್ಟು ಖುಷಿಯಾಗಿದ್ದಾಳೆ ನೋಡು. ನಾಳೆ ಹೇಳ್ತೀನಿ."

ನಾಳೆಯೂ ಬಂತು, ಬಿಸಿಲೂ ಬಂತು. ಕೆಂಪು ಒಣಗಿ ಬಂಡೆಯನ್ನು ಕಚ್ಚಿ ಹಿಡಿಯಿತು. ಗುಡ್ಡದ ಹಸಿರು ಬಲಿತು ಕಪ್ಪಾಯಿತು. ಕ್ಯಾತ ಬಾಯಿ ತೆರೆದಾಗಲೆಲ್ಲ ಅಜ್ಜಿ "ನಿನ್ನಿಂದಲೇ ಆಗಿದ್ದು ಕಣೋ" ಎಂದು ಅವನ ತಲೆ ಸವರುವಳು. ಅವನು ಬಾಯಿ ಮುಚ್ಚುವನು.

ವರ್ಷ ಉರುಳಿತು. ಗುಡುಗುಡು ಎನ್ನುತ್ತ ಮಳೆರಾಯ ಬಂದ. ಅಜ್ಜಿ ಮದುವೆಮನೆಗೆ ಹೊರಟವಳ ಹಾಗೆ ತಲೆ ಬಾಚಿಕೊಂಡು ಬಂಡೆಯ ಪಕ್ಕ ನಿಂತಿದ್ದಳು. ಮಳೆರಾಯ ಬಂಡೆ ನೋಡಿದ, ಹಿಂದೆಮುಂದೆ ನೋಡದೆ ಕೆಂಪು ಕಲಸಿ ಗುಡ್ಡದ ಮೇಲೆ ಸುರಿದ. ಹಳ್ಳವೆಲ್ಲ ಕೆಂಪಾಗಿ ಹರಿಯಿತು.

"ಹೇಗಿದೆಯೋ ಹಸಿರು?" ಅಂದಳು ಅಜ್ಜಿ.

"ಹಸಿರಾ? ಯಾವ ಹಸಿರಜ್ಜಿ? ನೀನು ಬರೆದಿರೋದು ಕೆಂಪಲ್ಲವಾ?" ಅಂದ ಮಳೆರಾಯ.

ಅಜ್ಜಿ ಬಂಡೆಯ ಮೇಲೆ ಅಂಗೈ ಇಟ್ಟು ಮೆಲ್ಲಗೆ ಕೇಳಿದಳು: "ಕ್ಯಾತ, ಹೌದೇನೋ?"

ಕ್ಯಾತನ ಗಂಟಲು ಕಟ್ಟಿತ್ತು. ಹೌದು ಎಂದು ತಲೆಯಾಡಿಸಿದ. ಸುಳ್ಳಿಲ್ಲದೆ, ತರಲೆಯಿಲ್ಲದೆ ತಲೆಯಾಡಿಸಿದ.

ಅಜ್ಜಿಗೆ ಅದು ಕಾಣಲಿಲ್ಲ.

"ನಂದೂ ತಪ್ಪಿದೆ," ಅಂದಳು ಅಜ್ಜಿ. "ಕಣ್ಣು ಹೋಗಿದೆ ಅಂತ ಹೇಳೋಕೆ ನಾಚಿಕೆ ಆಯ್ತು. ನೀನೇ ನನ್ನ ಕಣ್ಣು ಅಂದುಕೊಂಡು ಸುಮ್ಮನಾದೆ."

ಬೈಯಲಿಲ್ಲ. ತಿವಿಯಲೂ ಇಲ್ಲ. ತಿವಿದಿದ್ದರೆ ಎಷ್ಟೋ ಚೆನ್ನಾಗಿತ್ತು. ಸೊಂಟದ ಕರಟಗಳನ್ನು ಬಿಚ್ಚಿ ಬಂಡೆಯ ಬುಡದಲ್ಲಿ ಇಟ್ಟಳು. ಕುಂಚವನ್ನೇ ಊರುಗೋಲಿನಂತೆ ಮುಂದೆ ಚಾಚಿ, ಗಾಳಿಯನ್ನು ತಡವುತ್ತ ಗುಡ್ಡದ ಆಚೆ ಹೋದಳು. "ಅಜ್ಜೀ" ಅಂತ ಒಂದು ಸಲ ಕೂಗಿದ್ದರೆ ನಿಲ್ಲುತ್ತಿದ್ದಳೋ ಏನೋ. ಕ್ಯಾತನಿಗೆ ಸ್ವರವೇ ಹೊರಡಲಿಲ್ಲ. ಅವತ್ತು ಕಟ್ಟಿದ ಗಂಟಲು ಇವತ್ತಿಗೂ ಬಿಟ್ಟಿಲ್ಲ.

ಮಳೆರಾಯ ಆಮೇಲೆ ಅಂದಾಜಿನ ಮೇಲೆ ಒಂದು ಹಸಿರು ಕಲಸಿಕೊಂಡ. ನಾವು ಈಗ ನೋಡುವುದು ಅದನ್ನೇ. ಚೆನ್ನಾಗೇ ಇದೆ. ಆದರೆ ಅಜ್ಜಿ ಕಂಡದ್ದು ಅದಲ್ಲ. ಬಂಡೆಯ ಅಭ್ಯಾಸ ಬಿಡಲಾರದೆ ಈಗಲೂ ಮೊದಲ ಮಳೆಯಲ್ಲಿ ಕೆಂಪು ನೀರನ್ನೇ ಹರಿಸುತ್ತಾನೆ.

ಕ್ಯಾತ ಹಳ್ಳಕ್ಕಿಳಿದು ಕತ್ತು ಉಜ್ಜಿ ಉಜ್ಜಿ ತೊಳೆದ. ಹೋದ ವರ್ಷ ಅಜ್ಜಿ ಹಚ್ಚಿದ ಕೆಂಪು ಬೊಟ್ಟು ಹೋಗಲಿಲ್ಲ. ಅಜ್ಜಿ ಬಿಟ್ಟುಹೋದ ಕರಟಗಳಲ್ಲೆಲ್ಲ ಹೊರಳಿ, ಬೂದಿ, ಹಳದಿ, ಕಂದು, ಒಂದೊಂದೇ ಬಣ್ಣ ಮೈಗೆ ಹಚ್ಚಿಕೊಂಡು ಎತ್ತರದ ಜಾಗ ನೋಡಿ ಹತ್ತಿ ಕೂತ. ತಲೆ ಬಗ್ಗಿಸಿ ತನ್ನನ್ನು ನೋಡಿಕೊಂಡ, ತಲೆ ಎತ್ತಿ ಗುಡ್ಡ ನೋಡಿದ. ಇದು ಹೊಂದುತ್ತಾ? ಹೋಗಲಿ, ಇದು?

ಒಂದು ಮಳೆಗಾಲದಲ್ಲಿ ಅವನು ಹಾಗೇ ಕೂತಿದ್ದಾಗ ಹಿಂದಿನಿಂದ ಲೊಟಲೊಟ ಸದ್ದಾಯಿತು. ಪಕ್ಕೆಗೆ ಯಾರೋ ತಿವಿದರು. "ಲೇ ಕಳ್ಳ, ಹೊಂದಿತೇನೋ?" ಕ್ಯಾತ ತಿರುಗಿ ನೋಡಿದರೆ ಕರಟಜ್ಜಿ! ಇಬ್ಬರೂ ನಕ್ಕರು.

ಈ ಕೊನೆಯದು ನಾನು ಕಟ್ಟಿದ್ದು. ಅಜ್ಜಿ ಬರಲಿಲ್ಲ. ಬರಲಿ ಅಂತ ನನಗೇ ಆಸೆಯಾಗಿ ಸೇರಿಸಿದೆ. ಓತಿಕ್ಯಾತನಿಗೆ ಹೊಡೆಯಲು ಎತ್ತಿಕೊಂಡ ಆ ಕಲ್ಲು ಕೆಳಗೆ ಹಾಕಿ, ಅವನು ತಲೆಯಾಡಿಸಿ ನಿಮ್ಮನ್ನು ಅಣಕಿಸುತ್ತಿಲ್ಲ. ಅಜ್ಜಿ ಬಂದೇ ಬಿಟ್ಟಿದ್ದರೆ, ಓತಿಕ್ಯಾತ ಇವತ್ತಿಗೂ ಮಳೆ ಬಂದಾಗಲೆಲ್ಲ ಕತ್ತು ಕೆಂಪಗೆ ಮಾಡಿಕೊಂಡು, ಬೇಲಿಗೂಟದ ಮೇಲೆ ತಲೆ ಬಗ್ಗಿಸಿ, ಎತ್ತಿ, ಬಗ್ಗಿಸಿ, ಎತ್ತಿ, ಗುಡ್ಡದ ಕಡೆಗೇ ನೋಡುತ್ತ ಯಾಕೆ ಕೂತಿರುತ್ತಿದ್ದ?